ಒಂಬತ್ತು ಇಂಚು ನೀರು

ಪೋರ್ಟ್‌ಲೋಗಿ ಶಾಲೆ, ಬ್ಯಾನ್ಫ್‌ಶೈರ್
14 ಮೇ 1838

ಪ್ರಿಯ ಗ್ರಿಜೆಲ್ ಅಕ್ಕ,

ನಾನು ನಿನಗೆ ಕಾಗದ ಬರೆದು ಎರಡು ವರ್ಷವಾಯಿತು. ನೀನು ಲೆಕ್ಕ ಇಟ್ಟಿರುತ್ತೀಯ, ಬೈದುಕೊಂಡೂ ಇರುತ್ತೀಯ. ಎರಡೂ ನ್ಯಾಯವೇ. ಈಗಲೂ ನೆನಪಾಗಿ ಬರೆಯುತ್ತಿಲ್ಲ, ಕೆಲಸ ಬಿದ್ದು ಬರೆಯುತ್ತಿದ್ದೇನೆ.

ಮಾರ್ಚ್‌ನಲ್ಲಿ ನಮ್ಮ ಹೊಳೆಬಾಯಿಯಲ್ಲಿ ನೀರಿನಡಿಯ ಮರಳುದಿಣ್ಣೆಗೆ ಒಂದು ದೋಣಿ ತಗಲಿ ಮಗುಚಿತು. ಐದು ಜನ ಹೋದರು. ದಡದಿಂದ ಹೆಸರು ಹಿಡಿದು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ, ಹೆಂಡತಿಯರ ಕಣ್ಣೆದುರಿಗೆ. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಒಬ್ಬನಂತೂ ತ್ರಿಕೋನಮಿತಿ ಕಲಿತವನು. ಚರ್ಚಿನ ದಾಖಲೆ ಪುಸ್ತಕದಲ್ಲಿ ಐದು ಹೆಸರು ಬರೆದವನೂ ನಾನೇ, ಏಕೆಂದರೆ ಈ ಊರಿನಲ್ಲಿ ಮೇಷ್ಟರೇ ಗುಮಾಸ್ತ, ಭಾನುವಾರ ಕೀರ್ತನೆ ಎತ್ತಿಕೊಡುವವನೂ ಅವನೇ. ಆ ದಿನ ದಿಣ್ಣೆಯ ಮೇಲೆ ಒಂದಡಿ ನೀರು ಕಡಿಮೆ ಇತ್ತು, ಅಷ್ಟೆ. ಒಂದು ಗಂಟೆ ಹೊರಗೇ ಕಾದಿದ್ದರೆ ಐವರೂ ಮನೆಗೆ ಬಂದು ಗಂಜಿ ಕುಡಿಯುತ್ತಿದ್ದರು.

ಆವತ್ತೇ ತೀರ್ಮಾನ ಮಾಡಿದೆ. ಯಾವ ದಿನ, ಯಾವ ಹೊತ್ತಿಗೆ, ದಿಣ್ಣೆಯ ಮೇಲೆ ಎಷ್ಟು ನೀರು ಎಂದು ಮುಂಚಿತವಾಗಿ ಹೇಳುವ ಒಂದು ಪಟ್ಟಿ ಮಾಡುತ್ತೇನೆ. ಹಡಗುಕಟ್ಟೆಯ ಪಕ್ಕ ಒಂದು ಕಂಬ ನೆಟ್ಟು, ದಿಣ್ಣೆಯ ಮೇಲೆ ಎಷ್ಟು ನೀರಿದೆ ಎಂದು ತಿಳಿಯುವ ಹಾಗೆ ಅಡಿ ಇಂಚುಗಳ ಗೆರೆ ಬಳಿದಿದ್ದೇನೆ. ದಿನಕ್ಕೆರಡು ಸಲ ಸಮುದ್ರದ ಇಳಿತ ನೋಡಿ ಬರೆದುಕೊಳ್ಳುತ್ತೇನೆ. ಬೇಸಗೆ ಕಳೆಯುವಷ್ಟರಲ್ಲಿ ಅಂಕಿಗಳು ಸಾಕಾಗುತ್ತವೆ, ಉಳಿದದ್ದನ್ನು ಗಣಿತ ಮಾಡುತ್ತದೆ.

ಒಂದೇ ತೊಡಕು. ಭಾನುವಾರ ಸಬ್ಬತ್ತು, ದೇವರ ದಿನ, ಯಾವ ಕೆಲಸವೂ ಕೂಡದು, ಕಂಬ ನೋಡುವಂತಿಲ್ಲ. ನಮ್ಮ ಪಾದ್ರಿ ಫರ್ಕ್ವರ್ ಅವರನ್ನು ಕೇಳಿದೆ. "ಮೇಷ್ಟ್ರೇ, ಸಬ್ಬತ್ತಿನ ದಿನ ಸಮುದ್ರ ಅದರ ಪಾಡಿಗೆ ಅದು ಇಳೀಲಿ ಬಿಡಿ. ನೀವು ನೋಡ್ಲಿಲ್ಲ ಅಂತ ಅದೇನೂ ನಿಂತ್ಕೊಳ್ಳಲ್ಲ" ಎಂದರು. ಆದರೆ ನಿಮ್ಮ ದೀಪಸ್ತಂಭದವರಿಗೆ ಸಬ್ಬತ್ತಿನ ರಜೆ ಇಲ್ಲವಲ್ಲ. ಮ್ಯಾಗ್ನಸ್ ಭಾವ ದಿನಚರಿಯಲ್ಲಿ ನೀರಿನ ಮಟ್ಟ ಬರೆಯುತ್ತಾರೆ ಎಂದು ಕೇಳಿದ್ದೇನೆ. ಅದನ್ನು ನಕಲು ಮಾಡಿ ಕಳಿಸುವೆಯಾ? ನಿನಗೆ ಅರ್ಥವಾಗದಿದ್ದರೆ ಚಿಂತೆಯಿಲ್ಲ, ಅಂಕಿಗಳನ್ನು ಕಂಡಂತೆ ಬರೆದರೆ ಸಾಕು.

ನಿನ್ನ ತಮ್ಮ,
ಲಡೊವಿಕ್ ಗೆಡ್ಡೆಸ್

---

ಹೆಲ್ಲಿಹೋಮ್ ದೀಪಸ್ತಂಭ, ಆರ್ಕ್ನಿ ದ್ವೀಪಗಳು
2 ಜೂನ್ 1838

ಲೂಡೊ,

ಎರಡು ವರ್ಷವಲ್ಲ, ಎರಡು ವರ್ಷ ನಾಲ್ಕು ತಿಂಗಳು. ಗಣಿತದ ಮೇಷ್ಟರು ಇಷ್ಟು ತಪ್ಪಬಾರದು.

ಆ ಐವರ ವಿಷಯ ಓದಿ ಸಂಕಟವಾಯಿತು. ನಮ್ಮ ದೀಪದ ಕೆಳಗೇ ಹಾಗೆ ಹೋದವರನ್ನು ಕಂಡಿದ್ದೇನೆ. ಅಂಕಿಗಳನ್ನು ಕಳಿಸುತ್ತಿದ್ದೇನೆ, ಭಾನುವಾರಗಳೂ ಸೇರಿವೆ. ಅಳತೆ ಅಡಿ ಇಂಚಿನಲ್ಲಿ, ಪಕ್ಕದಲ್ಲಿ ಗಾಳಿಯ ದಿಕ್ಕು. ಗಾಳಿ ಜೋರಿದ್ದ ದಿನಗಳಿಗೆ ಚುಕ್ಕಿ ಇಟ್ಟಿದೆ, ಆ ಅಂಕಿಗಳನ್ನು ಪೂರ್ತಿ ನಂಬಬೇಡ.

ಮ್ಯಾಗ್ನಸ್‌ಗೆ ಬಿಡುವಿಲ್ಲ, ಅದಕ್ಕೇ ಅವರು ಬರೆಯುತ್ತಿಲ್ಲ. ಚೆನ್ನಾಗಿದ್ದಾರೆ. ಆಡು ಮರಿ ಹಾಕಿದೆ. ಇನ್ನು ವಿಶೇಷವೇನಿಲ್ಲ.

ನಿನ್ನ ಅಳತೆಗಳನ್ನೂ ನನಗೆ ಕಳಿಸು. ಕಂಡಂತೆ ಬರೆದರೆ ಸಾಕು.

ಗ್ರಿಜೆಲ್

---

ಪೋರ್ಟ್‌ಲೋಗಿ
20 ಜುಲೈ 1838

ಪ್ರಿಯ ಅಕ್ಕ,

ನನ್ನ ಕಡೆಯಿಂದ ಭಾವನ ಬೆನ್ನು ತಟ್ಟು. ಮದುವೆಯ ದಿನ ರುಜು ಹಾಕಲು ಮೂರು ಸಲ ಮಸಿ ಚೆಲ್ಲಿದ ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ಅಳತೆ ಇಡುತ್ತಾನೆಂದು ಯಾರು ನಂಬುತ್ತಾರೆ! ಗಾಳಿಯ ದಿನಗಳಿಗೆ ಚುಕ್ಕಿ ಇಡುವ ಉಪಾಯ ನನಗೇ ಹೊಳೆದಿರಲಿಲ್ಲ. ಕಲಿತಿದ್ದರೆ ಆತ ಎಲ್ಲಿಗೋ ಹೋಗುತ್ತಿದ್ದ.

ಇಲ್ಲಿ ಕೆಲಸ ಸಾಗಿದೆ. ಶಾಲೆಯಲ್ಲಿ ಎಪ್ಪತ್ತೆರಡು ಮಕ್ಕಳು, ಅವರಲ್ಲಿ ಜೇಮ್ಸ್ ಸ್ಲೇಟರ್ ಎಂಬ ಹೆಸರಿನವರೇ ಏಳು. ಅಡ್ಡಹೆಸರು ಹಿಡಿದು ಕರೆಯದಿದ್ದರೆ ಏಳೂ ಎದ್ದು ನಿಲ್ಲುತ್ತವೆ. ಅವರಿಗೆ ಪಾಠ ಹೇಳುವುದು, ಓಡಿಹೋಗಿ ಕಂಬ ನೋಡುವುದು, ಮತ್ತೆ ಬಂದು ಪಾಠ. ಮಳೆ ಬಂದರೂ ಬಿಟ್ಟಿಲ್ಲ.

ಬಿಟ್ಟದ್ದು ಒಂದೇ ಕಾರಣಕ್ಕೆ. ಬೇಸಗೆಯಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ವಾರಗಳು ಒಂದರ ಹಿಂದೊಂದು ಬರುವುದು ನಿನಗೆ ನೆನಪಿರಬೇಕು. ಜೂನ್‌ನಲ್ಲಿ ನಮ್ಮೂರು, ಈ ತಿಂಗಳು ಪಕ್ಕದೂರು, ಮುಂದಿನ ತಿಂಗಳು ಅದರಾಚೆಯದು. ಗುರುವಾರ ಉಪವಾಸ, ಶನಿವಾರ ಸಿದ್ಧತೆ, ಭಾನುವಾರ ಭೋಜನ, ಸೋಮವಾರ ಕೃತಜ್ಞತೆ. ಕೀರ್ತನೆ ಎತ್ತಿಕೊಡಲು ನನ್ನನ್ನು ಎಲ್ಲ ಕಡೆಗೂ ಎಳೆದೊಯ್ಯುತ್ತಾರೆ. ಹೀಗೆ ತಿಂಗಳಿಗೆ ಐದು ದಿನ ಅಳತೆ ಖಾಲಿ. ನಮ್ಮ ಪಾದ್ರಿಗಳು ಎಷ್ಟು ಕರುಣಾಳುಗಳೆಂದರೆ, ದೂರದಿಂದ ಬಂದ ಜನ ಬೆಳದಿಂಗಳಲ್ಲಿ ಎಡವದೆ ಮನೆ ಸೇರಲಿ ಎಂದು ಹುಣ್ಣಿಮೆಯ ವಾರವನ್ನೇ ಆರಿಸುತ್ತಾರೆ.

ಚಿಂತೆಯಿಲ್ಲ. ಅಮಾವಾಸ್ಯೆಯ ದೊಡ್ಡ ಇಳಿತಗಳನ್ನು ಕಣ್ಣಾರೆ ಅಳೆದಿದ್ದೇನೆ. ಹುಣ್ಣಿಮೆಯದ್ದನ್ನು ಅದರ ಆಧಾರದ ಮೇಲೆ ತುಂಬಿಸುತ್ತೇನೆ. ಚಂದ್ರನ ದೂರದ ಒಂದು ಸಣ್ಣ ತಿದ್ದುಪಡಿ ಪುಸ್ತಕಗಳಲ್ಲಿದೆ, ಅದನ್ನೂ ಹಾಕುತ್ತೇನೆ. ಇದರ ವಿವರಣೆ ನಿನಗೆ ಬೇಸರ ತರಿಸುತ್ತದೆ, ಬಿಡು. ನನ್ನ ಅಳತೆಯ ಹಾಳೆಗಳನ್ನು ಭಾವನಿಗಾಗಿ ಇದರೊಳಗೆ ಇಟ್ಟಿದ್ದೇನೆ.

ಲಡೊವಿಕ್

---

ಹೆಲ್ಲಿಹೋಮ್
11 ಆಗಸ್ಟ್ 1838

ಲೂಡೊ,

ಜುಲೈ ತಿಂಗಳ ಅಂಕಿಗಳು ಇದರೊಳಗಿವೆ. ಆಗಸ್ಟ್‌ನ ಮೊದಲ ವಾರದವೂ ಇವೆ.

ನಿನ್ನ ಹಾಳೆಗಳನ್ನು ನೋಡಿದೆ. ಒಂದು ಪ್ರಶ್ನೆ. ನಿನ್ನ ಹುಣ್ಣಿಮೆಗಳು ಎಲ್ಲಿ?

ಗ್ರಿಜೆಲ್

---

ಪೋರ್ಟ್‌ಲೋಗಿ
3 ಸೆಪ್ಟೆಂಬರ್ 1838

ಪ್ರಿಯ ಅಕ್ಕ,

ನಿನ್ನ ಕಾಗದ ಓದಿ ನಗು ಬಂತು. ಹುಣ್ಣಿಮೆಗಳು ಚರ್ಚಿನಲ್ಲಿವೆ ಎಂದು ಕಳೆದ ಸಲವೇ ಬರೆದಿದ್ದೆನಲ್ಲ. ಭಾವ ಕೇಳಿಸಿದ ಪ್ರಶ್ನೆಯಾಗಿದ್ದರೆ, ಎಲ್ಲ ಸರಿಯಾಗಿ ತುಂಬಿಸಿದೆ ಎಂದು ಹೇಳು. ಎರಡೇ ಸಾಲು ಬರೆದಿದ್ದೀಯ, ಕೆಲಸ ಹೆಚ್ಚಿರಬೇಕು.

ಪಟ್ಟಿ ಮುಗಿಯಿತು! ಆಗಸ್ಟ್ ಮಧ್ಯದಿಂದ ಡಿಸೆಂಬರ್‌ವರೆಗೆ ಪ್ರತಿ ದಿನದ ಇಳಿತ, ದಪ್ಪ ಅಕ್ಷರದಲ್ಲಿ ಬರೆದು ಹಡಗುಕಟ್ಟೆಯ ಉಪ್ಪಿನ ಕೊಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದೇನೆ. ಮೊದಲು ಯಾರೂ ಕಣ್ಣೆತ್ತಿ ನೋಡಲಿಲ್ಲ. ಇಲ್ಲಿಯ ಹಿರಿಯ ನಾವಿಕ ಸಾಸಿವೆ ಜೇಮ್ಸ್, ಮಾತು ಖಾರ, ಅದಕ್ಕೇ ಆ ಹೆಸರು. "ನಮ್ಮಜ್ಜ ಚಂದ್ರನ್ನ ನೋಡಿ ದೋಣಿ ತರ್ತಿದ್ದ. ನೀವು ಕಾಗದ ನೋಡಿ ತನ್ನಿ ಅಂತೀರಿ. ಕಾಗದ ನೆನೆದ್ರೆ ಏನ್ ಮಾಡೋದು?" ಎಂದ. ಅವನ ಹೆಂಡತಿ ಬಾತಿಯಾ ಅಲ್ಲೇ ಗಾಳಕ್ಕೆ ಚಿಪ್ಪುಮೀನು ಸಿಕ್ಕಿಸುತ್ತ ಕೂತಿದ್ದಳು. "ನಿಮ್ಮಜ್ಜ ಎಲ್ಲಿ ಸತ್ತ, ಅದನ್ನೂ ಹೇಳು ಮೇಷ್ಟ್ರಿಗೆ" ಎಂದಳು. ಅಜ್ಜ ಸತ್ತದ್ದು ಅದೇ ದಿಣ್ಣೆಯ ಮೇಲೆ.

ಹದಿನೈದು ದಿನ ಅವರು ಗುಟ್ಟಾಗಿ ಪಟ್ಟಿಗೂ ನೀರಿಗೂ ತಾಳೆ ನೋಡಿದ್ದಾರೆ. ಸರಿಬಂತು. ಈಗ ಹದಿನಾಲ್ಕು ದೋಣಿಗಳೂ ಪಟ್ಟಿ ನೋಡಿಯೇ ಹೊರಡುತ್ತವೆ. ಹೊರಗೆ ಉಬ್ಬರಕ್ಕಾಗಿ ಕಾಯದೆ, ಇಳಿತದಲ್ಲೇ ಧೈರ್ಯವಾಗಿ ಒಳಗೆ ಬರುತ್ತವೆ. ಹನ್ನೆರಡು ವರ್ಷ ಈ ಊರಿನಲ್ಲಿ ಪಾಠ ಹೇಳಿದ್ದೇನೆ, ಗಣಿತ ಯಾರ ಹೊಟ್ಟೆಗಾದರೂ ಆದದ್ದು ಇದೇ ಮೊದಲು. ಇನ್ನು ಕಂಬದ ಕೆಲಸ ಮುಗಿಯಿತು, ದಿನಾ ಓಡುವುದನ್ನು ಬಿಟ್ಟಿದ್ದೇನೆ. ಹೆಮ್ಮೆ ಪಟ್ಟರೆ ಪಾಪವೆಂದು ಗೊತ್ತು, ಆದರೂ ಪಡುತ್ತಿದ್ದೇನೆ.

ಲಡೊವಿಕ್

---

ಹೆಲ್ಲಿಹೋಮ್
22 ಸೆಪ್ಟೆಂಬರ್ 1838

ಲೂಡೊ,

ಇದನ್ನು ಕೂತುಕೊಂಡು ಓದು, ಓದಿದ ಮೇಲೆ ಏಳು.

ಅಳತೆಗಳು ಮ್ಯಾಗ್ನಸ್‌ದಲ್ಲ. ನನ್ನವು. ಎರಡು ವರ್ಷದಿಂದ ಅವರ ಕಣ್ಣು ಮಂಜಾಗಿದೆ, ಕಂಬದ ಗೆರೆ ಇರಲಿ, ಕಂಬವೇ ಕಾಣುವುದಿಲ್ಲ. ದೀಪ ಹಚ್ಚುವವಳು ನಾನು, ದಿನಚರಿ ಬರೆಯುವವಳು ನಾನು. ಮೇಲಿನವರಿಗೆ ಗೊತ್ತಾದರೆ ಈ ಮನೆ ಬಿಡಬೇಕು, ಅದಕ್ಕೇ ಯಾರಿಗೂ ಹೇಳಿರಲಿಲ್ಲ. ನಿನಗೂ ಹೇಳುತ್ತಿರಲಿಲ್ಲ. ಭಾವನನ್ನು ನೀನು ಅಷ್ಟು ಹೊಗಳಿದಾಗ ಅವರಿಗೆ ಓದಿ ಹೇಳಿದೆ. "ಪಾಪ, ನಿನ್ನ ತಮ್ಮ ಎಷ್ಟು ಓದಿದ್ರೂ ಅಷ್ಟೇ" ಎಂದು ನಕ್ಕರು. ನಾನು ನಗಲಿಲ್ಲ. ನನ್ನ ಸ್ಲೇಟಿನ ಮೇಲೆ ನೀನು ಲೆಕ್ಕ ಕಲಿತದ್ದು ನಿನಗೆ ಮರೆತಿರಬಹುದು. ನಿನ್ನನ್ನು ಕಾಲೇಜಿಗೆ ಕಳಿಸಿ ನನ್ನನ್ನು ದನದ ಕೊಟ್ಟಿಗೆಗೆ ಕಳಿಸಿದರು, ನನಗೆ ಮರೆತಿಲ್ಲ.

ಅದು ಇರಲಿ. ನಿನ್ನ ಪಟ್ಟಿ ತಪ್ಪು.

ಮೇ ತಿಂಗಳಿಂದ ಈಚೆಗೆ ನಿನ್ನ ಹಾಳೆಗಳಲ್ಲಿ ಒಂದೇ ಒಂದು ಹುಣ್ಣಿಮೆಯ ಇಳಿತವಿಲ್ಲ. ನೀನು ನೋಡಿದ್ದೆಲ್ಲ ಅಮಾವಾಸ್ಯೆ. ಈ ವರ್ಷ ಅಮಾವಾಸ್ಯೆಗೆ ಚಂದ್ರ ದೂರದಲ್ಲಿದ್ದಾನೆ, ಹುಣ್ಣಿಮೆಗೆ ಹತ್ತಿರ. ಒಂದೊಂದು ತಿಂಗಳೂ ಇನ್ನಷ್ಟು ಹತ್ತಿರ, ಹತ್ತಿರ ಬಂದಷ್ಟೂ ನೀರು ಹೆಚ್ಚು ಕೆಳಗಿಳಿಯುತ್ತದೆ. ಇಲ್ಲಿ ಆಗಸ್ಟ್ ಹುಣ್ಣಿಮೆಯ ಇಳಿತ ಅಮಾವಾಸ್ಯೆಯದಕ್ಕಿಂತ ಐದು ಇಂಚು ಕೆಳಗೆ ಹೋಯಿತು. ಈ ತಿಂಗಳು ಒಂಬತ್ತು. ನಿನ್ನ ಪುಸ್ತಕದ ತಿದ್ದುಪಡಿ ಎರಡೇ ಇಂಚು ಹೇಳುತ್ತದೆ. ಕಳೆದ ಹುಣ್ಣಿಮೆಗೆ ನಿಮ್ಮ ದೋಣಿಗಳು ತಗಲದೆ ಉಳಿದಿದ್ದರೆ ಅದು ಅದೃಷ್ಟ. ಪಂಚಾಂಗ ತೆಗೆದು ನೋಡು. ಅಕ್ಟೋಬರ್ ನಾಲ್ಕಕ್ಕೆ ಹುಣ್ಣಿಮೆ, ಅದೇ ದಿನ ಚಂದ್ರ ಅತಿ ಹತ್ತಿರ. ಅದಾದ ಎರಡು ಮೂರು ದಿನಕ್ಕೆ ದೊಡ್ಡ ಇಳಿತ. ಆ ವಾರ ನಿನ್ನ ಪಟ್ಟಿ ತೋರಿಸುವುದಕ್ಕಿಂತ ಎಂಟರಿಂದ ಹತ್ತು ಇಂಚು ನೀರು ಕಡಿಮೆ ಇರುತ್ತದೆ.

ಅಲೆ ಜೋರಾಗಿದೆ, ಅಂಚೆ ದೋಣಿ ಯಾವಾಗ ಬರುತ್ತದೋ ಗೊತ್ತಿಲ್ಲ. ಬಂದ ತಕ್ಷಣ ಇದನ್ನು ಅದರೊಳಗೆ ಎಸೆಯುತ್ತೇನೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಪಟ್ಟಿ ಕೀಳು.

ಗ್ರಿಜೆಲ್

---

ಪೋರ್ಟ್‌ಲೋಗಿ
8 ಅಕ್ಟೋಬರ್ 1838, ಸೋಮವಾರ

ಅಕ್ಕ,

ನಿನ್ನ ಕಾಗದ ಶನಿವಾರ ಸಂಜೆ ಕೈ ಸೇರಿತು. ಎರಡು ವಾರ ಎಲ್ಲೆಲ್ಲಿ ಕೊಳೆಯಿತೋ. ನಮ್ಮೂರಿನ ಶರತ್ಕಾಲದ ಕರ್ತನ ಭೋಜನದ ವಾರ, ಹುಣ್ಣಿಮೆ ಕಳೆದು ಎರಡು ದಿನ. ಗುರುವಾರದಿಂದ ದೋಣಿಗಳು ದಡದಲ್ಲೇ ಇದ್ದವು. ಸೋಮವಾರದ ಕೃತಜ್ಞತೆಗೆ ಇಲ್ಲಿ ಹೆಂಗಸರು ಹೋಗುತ್ತಾರೆ, ಗಂಡಸರು ನಸುಕಿನಲ್ಲೇ ಸಮುದ್ರಕ್ಕೆ.

ನಿಜ ಹೇಳಿಬಿಡುತ್ತೇನೆ. ಮೊದಲು ನಾನು ನಂಬಲಿಲ್ಲ. ಆರ್ಕ್ನಿಯ ನೀರೇ ಬೇರೆ, ಅಕ್ಕನಿಗೇನು ಗೊತ್ತು ಅಂದುಕೊಂಡೆ. ಇನ್ನೊಂದನ್ನೂ ನಿನ್ನಿಂದ ಮುಚ್ಚಿಟ್ಟಿದ್ದೆ. ಪಟ್ಟಿಯನ್ನೂ ಅದರ ವಿಧಾನವನ್ನೂ ಎಡಿನ್‌ಬರೋದ ವಿದ್ವಾಂಸರಿಗೆ ಕಳಿಸಿದ್ದೆ. ಅವರು ಮೆಚ್ಚಿ ಅಚ್ಚಿಗೆ ಕೊಟ್ಟಿದ್ದರು. ಅಚ್ಚಾದ ಮೇಲೆ ಒಂದು ಪ್ರತಿ ಕಳಿಸಿ ನಿನ್ನನ್ನು ಬೆರಗುಗೊಳಿಸಬೇಕೆಂದಿದ್ದೆ.

ಪಂಚಾಂಗ ತೆಗೆದೆ. ನಿನ್ನ ಲೆಕ್ಕವನ್ನು ಮೂರು ಸಲ ಮಾಡಿದೆ. ಮೂರು ಸಲವೂ ನೀನೇ ಸರಿ.

ಸಾಸಿವೆ ಜೇಮ್ಸ್‌ನ ಮನೆಗೆ ಓಡಿದೆ. ಪಟ್ಟಿ ನಂಬಬೇಡಿ, ಇಳಿತದಲ್ಲಿ ಒಳಗೆ ಬರಬೇಡಿ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿನ್ನೆವರೆಗೂ ಸರಿ ಅಂದ್ರಿ, ಇವತ್ತು ತಪ್ಪು ಅಂತೀರಿ. ನಡುವೆ ಹೋಗಿ ನೀರು ನೋಡಿದ್ರಾ?" ಇಲ್ಲ ಅಂದೆ. "ಮತ್ತೆ ಯಾರು ನೋಡಿದ್ರು?" ಆರ್ಕ್ನಿಯಲ್ಲಿ ನನ್ನ ಅಕ್ಕ ಅಂದೆ. "ಆರ್ಕ್ನೀಲಿ ಕೂತು ನಮ್ಮ ದಿಣ್ಣೆ ಅಳೆದ್ಲಾ? ದುರ್ಬೀನು ದೊಡ್ದೇ ಇರ್ಬೇಕು. ಹೋಗಿ ಮಲಗಿ ಮೇಷ್ಟ್ರೇ, ನಾಳೆ ಹಾಡೋದಿದೆ ನಿಮಗೆ" ಎಂದ. ಅವನನ್ನು ಪಟ್ಟಿ ನಂಬುವ ಹಾಗೆ ಮಾಡಿದವನು ನಾನೇ, ಈಗ ಬಿಡಿಸಲು ನನ್ನಿಂದಲೇ ಆಗಲಿಲ್ಲ.

ಆದ್ದರಿಂದ ನೀರನ್ನು ನೋಡಲೇಬೇಕಾಯಿತು. ದೋಣಿಗಳು ಹೊರಡುವ ಮುಂಚೆ ಬೆಳಕಿನಲ್ಲಿ ಉಳಿದಿದ್ದ ಇಳಿತ ಒಂದೇ, ಭಾನುವಾರ ಬೆಳಿಗ್ಗೆ ಎಂಟು ಗಂಟೆಯದು.

ಹೋದೆ. ಮರೆಯಲ್ಲಿ ಹೋಗಲಿಲ್ಲ, ಹೋಗಲು ಮರೆಯೂ ಇರಲಿಲ್ಲ. ಪಕ್ಕದ ಊರುಗಳ ಜನ ಕಪ್ಪು ಬಟ್ಟೆ ತೊಟ್ಟು, ಬೈಬಲ್ ಹಿಡಿದು, ಅದೇ ದಂಡೆಯ ದಾರಿಯಲ್ಲಿ ಚರ್ಚಿಗೆ ಬರುತ್ತಿದ್ದರು. ಅವರೆಲ್ಲರ ಎದುರಿಗೆ, ಅವರಿಗೆ ಕೀರ್ತನೆ ಎತ್ತಿಕೊಡಬೇಕಾದವನು ಷರಾಯಿ ಮಡಚಿಕೊಂಡು ನೀರಿಗಿಳಿದ. ಇಳಿತ ತೀರಾ ಕೆಳಗಿತ್ತು, ದಡದಿಂದ ಗೆರೆ ಕಾಣುತ್ತಿರಲಿಲ್ಲ. ಒಬ್ಬ ಹೆಂಗಸು ಮಗುವಿನ ಕಣ್ಣು ಮುಚ್ಚಿದಳು. "ಅಯ್ಯೋ, ಮೇಷ್ಟ್ರಿಗೆ ಹುಚ್ಚು ಹಿಡೀತು" ಎಂದು ಯಾರೋ ಅಂದರು.

ಪಟ್ಟಿಯಲ್ಲಿ ನಾನು ಬರೆದದ್ದು ಐದು ಅಡಿ. ಕಂಬ ತೋರಿಸಿದ್ದು ನಾಲ್ಕು ಅಡಿ ಮೂರು ಇಂಚು. ತುಂಬಿದ ದೋಣಿಗೆ ನಾಲ್ಕೂವರೆ ಬೇಕು.

ಒಂಬತ್ತು ಇಂಚು, ಅಕ್ಕ. ನೀನು ಹೇಳಿದ ಹಾಗೇ.

ಉಪ್ಪಿನ ಕೊಟ್ಟಿಗೆಗೆ ಹೋಗಿ ಪಟ್ಟಿ ಹರಿದೆ. ಬಾಗಿಲಿಗೆ ಸೀಮೆಸುಣ್ಣದಲ್ಲಿ "ನನ್ನ ಲೆಕ್ಕ ತಪ್ಪು, ನಾಲ್ಕು ಅಡಿ ಮೂರು ಇಂಚು" ಎಂದು ಬರೆದೆ. ಆಮೇಲೆ ಒದ್ದೆ ಕಾಲುಚೀಲದಲ್ಲೇ ಚರ್ಚಿಗೆ ಹೋಗಿ ನನ್ನ ಜಾಗದಲ್ಲಿ ನಿಂತೆ. ಪಾದ್ರಿಯವರು ಪೀಠದಿಂದ ಬಗ್ಗಿ, "ಇಳಿಯಿರಿ, ಮಿಸ್ಟರ್ ಗೆಡ್ಡೆಸ್" ಎಂದರು. ಇಳಿದೆ. ಎಂಟುನೂರು ಜನ ನೋಡುತ್ತಿದ್ದರು. ಕೀರ್ತನೆಯನ್ನು ಬೇರೆ ಯಾರೋ ಎತ್ತಿಕೊಟ್ಟರು, ತೀರಾ ಮೇಲಿನ ಸ್ವರದಲ್ಲಿ.

ಇವತ್ತು ನಸುಕಿನಲ್ಲಿ ದೋಣಿಗಳು ಹೋಗಿವೆ. ಹೊರಡುವ ಮುಂಚೆ ಸಾಸಿವೆ ಜೇಮ್ಸ್ ನನ್ನ ಬಾಗಿಲು ಬಡಿದ. "ನಿಮ್ಮ ತಪ್ಪನ್ನ ನೀವೇ ಹಿಡಿಯೋಕೆ ಸಬ್ಬತ್ತು ಮುರಿದ್ರಲ್ಲ ಮೇಷ್ಟ್ರೇ. ಉಬ್ಬರಕ್ಕೇ ಬರ್ತೀವಿ" ಎಂದು ಹೇಳಿ ಹೋದ.

ಈ ತಿಂಗಳ ಮೂವತ್ತಕ್ಕೆ ಪಾದ್ರಿಗಳ ಸಭೆ ನನ್ನನ್ನು ವಿಚಾರಣೆಗೆ ಕರೆದಿದೆ. ಅಚ್ಚು ನಿಲ್ಲಿಸಿ ಎಂದು ಎಡಿನ್‌ಬರೋಗೆ ಬರೆದಿದ್ದೇನೆ. ನಿನ್ನ ಸ್ಲೇಟು ಮರೆತಿರಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

ಲೂಡೊ

---

ಹೆಲ್ಲಿಹೋಮ್
20 ಅಕ್ಟೋಬರ್ 1838

ಲೂಡೊ,

ಅಂಚೆಯವನು ಕಾಯುತ್ತಿದ್ದಾನೆ. ಚಿಕ್ಕದಾಗಿ ಬರೆಯುತ್ತೇನೆ.

ನಿನ್ನ ಕಾಗದವನ್ನು ಮ್ಯಾಗ್ನಸ್‌ಗೆ ಎರಡು ಸಲ ಓದಿದೆ. ಎರಡನೆಯ ಸಲ ಓದು ಎಂದದ್ದು ಅವರೇ. ನಾನು ಅತ್ತುಬಿಟ್ಟೆ.

ಈಗ ಅಕ್ಕನ ಮಾತು ಕೇಳು. ಇನ್ನು ಭಾನುವಾರ ಅಳೆಯುವುದಿಲ್ಲ ಎಂದು ಮಾತು ಕೊಡಲು ಸಭೆಯವರು ಹೇಳುತ್ತಾರೆ. ಕೊಟ್ಟುಬಿಡು. ಭಾನುವಾರದ ಅಂಕಿಗಳನ್ನು ನಾನು ಇಲ್ಲಿಂದ ಕಳಿಸುತ್ತೇನೆ. ಪೂರ್ತಿ ಸರಿಹೋಗದಿದ್ದರೂ ಹತ್ತಿರ ಬರುತ್ತದೆ. ಶಾಲೆ ಕಳೆದುಕೊಂಡು ಏನು ಮಾಡುತ್ತೀಯ? ನಲವತ್ತೊಂದನೇ ವಯಸ್ಸಿಗೆ ಬಲೆ ಎಳೆಯುತ್ತೀಯಾ? ಹಟ ನಮ್ಮ ಮನೆಯ ರೋಗ, ನನಗೆ ಗೊತ್ತು. ಈ ಸಲ ಬೇಡ.

ಗ್ರಿಜೆಲ್

---

ಪೋರ್ಟ್‌ಲೋಗಿ
5 ನವೆಂಬರ್ 1838, ಸೋಮವಾರ

ಅಕ್ಕ,

ನಿನ್ನ ಕಾಗದ ಬಂದದ್ದು ಮೊನ್ನೆ, ಸಭೆ ಮುಗಿದು ನಾಲ್ಕು ದಿನವಾದ ಮೇಲೆ. ಮೊದಲೇ ಬಂದಿದ್ದರೂ ನಾನು ಕೇಳುತ್ತಿರಲಿಲ್ಲ.

ಒಂಬತ್ತು ಪಾದ್ರಿಗಳು ಸಾಲಾಗಿ ಕೂತಿದ್ದರು. ಚರ್ಚಿನ ಧರ್ಮ ಪ್ರಶ್ನೋತ್ತರ ಪುಸ್ತಕವನ್ನು ನಾನು ವಾರಕ್ಕೆ ಐದು ದಿನ ಮಕ್ಕಳಿಗೆ ಬಾಯಿಪಾಠ ಮಾಡಿಸುವವನು. ಸಬ್ಬತ್ತಿನಲ್ಲಿ ಅಗತ್ಯದ ಕೆಲಸಕ್ಕೂ ದಯೆಯ ಕೆಲಸಕ್ಕೂ ಅಡ್ಡಿಯಿಲ್ಲ ಎಂದು ಅದರಲ್ಲೇ ಇದೆ. ಅದನ್ನು ಹೇಳಿದೆ. "ಮುಳುಗುವವನನ್ನು ಎತ್ತುವುದು ದಯೆ. ಕಂಬ ನೋಡುವುದು ಕುತೂಹಲ" ಎಂದರು ಅಧ್ಯಕ್ಷರು. "ಮುಳುಗೋಕೆ ಮುಂಚೆ ಎತ್ತಿದ್ರೆ ದಯೆ ಅಲ್ವಾ?" ಎಂದು ಕೇಳಿದೆ. ನಮ್ಮ ಫರ್ಕ್ವರ್ ಮಾತ್ರ ತಲೆ ತಗ್ಗಿಸಿ ಕೂತಿದ್ದರು.

ಮಾತು ಕೊಡಿ ಅಂದರು. ಕೊಡುವುದಿಲ್ಲ ಅಂದೆ. ಹೊಸ ಪಟ್ಟಿಗೆ ಒಂದು ವರ್ಷದ ಒಂದು ದಿನವೂ ಬಿಡದ ಅಳತೆ ಬೇಕು. ಆರ್ಕ್ನಿಯ ಅಂಕಿ ನಮ್ಮ ದಿಣ್ಣೆಗೆ ಹತ್ತಿರ ಬರುತ್ತದೆ ಎಂದು ನೀನೇ ಬರೆದಿದ್ದೀಯ. ಹತ್ತಿರ ಬಂದದ್ದನ್ನು ನಂಬಿದರೆ ಏನಾಗುತ್ತದೆಂದು ನಾನು ಒಮ್ಮೆ ನೋಡಿಯಾಯಿತು.

ಅವರ ತೀರ್ಪು ಇಷ್ಟು. ಕೀರ್ತನೆಯ ಕೆಲಸ ಹೋಯಿತು, ಗುಮಾಸ್ತಿಕೆ ಹೋಯಿತು. ಲಡೊವಿಕ್ ಗೆಡ್ಡೆಸ್ ಇನ್ನೊಂದು ಸಬ್ಬತ್ತಿನಲ್ಲಿ ಆ ಕಂಬ ನೋಡಿದ್ದು ಕಂಡರೆ, ಮರುದಿನ ಶಾಲೆಯ ಬೀಗದ ಕೈ ಒಪ್ಪಿಸಬೇಕು.

ನಿನ್ನೆ ಭಾನುವಾರ. ಶುಕ್ರವಾರ ಹುಣ್ಣಿಮೆಯಾಗಿತ್ತು. ಇಳಿತ ಏಳೂಮುಕ್ಕಾಲಿಗೆ. ಬೀಗದ ಕೈಯನ್ನು ಒರೆಸಿ ಮೇಜಿನ ಮೇಲಿಟ್ಟೆ. ಮಕ್ಕಳ ಸ್ಲೇಟುಗಳನ್ನು ಜೋಡಿಸಿಟ್ಟೆ. ಎಪ್ಪತ್ತೆರಡು ಹೆಸರನ್ನೂ ಒಮ್ಮೆ ಓದಿದೆ, ಅತ್ತುಬಿಟ್ಟೆ ಎಂದು ಬರೆಯಲು ನನಗೂ ನಾಚಿಕೆಯಿಲ್ಲ. ಆಮೇಲೆ ಹಡಗುಕಟ್ಟೆಗೆ ಹೊರಟೆ.

ಅಲ್ಲಿ ಹೆಂಗಸರು ನಿಂತಿದ್ದರು. ಇಪ್ಪತ್ತು ಜನ ಇರಬಹುದು, ಎಲ್ಲರೂ ಚರ್ಚಿನ ಕಪ್ಪು ಬಟ್ಟೆಯಲ್ಲಿ. ಮಾರ್ಚ್‌ನಲ್ಲಿ ವಿಧವೆಯರಾದ ಐವರೂ ಇದ್ದರು. ನನಗೆ ದಾರಿ ಬಿಡಲಿಲ್ಲ.

"ಅಲ್ಲೇ ನಿಲ್ಲಿ ಮೇಷ್ಟ್ರೇ," ಎಂದಳು ಬಾತಿಯಾ. "ಆ ಕಡೆ ತಿರುಗಿ. ಚರ್ಚಿನ ಕಡೆ."

"ಬಾತಿಯಾ, ದಾರಿ ಬಿಡು. ನಾನು ತೀರ್ಮಾನ ಮಾಡಿ ಬಂದಿದ್ದೀನಿ."

"ನಾವೂ ಮಾಡೇ ಬಂದಿರೋದು. ನೋಡಬಾರದು ಅಂದಿರೋದು ನಿಮಗೆ. ನಿಮ್ಮ ಹೆಸರು ಬರ್ದಿದಾರೆ, ನಮ್ಮ ಹೆಸರು ಬರ್ದಿಲ್ಲ. ನೀವು ಬೀಗದ ಕೈ ಕೊಟ್ಟು ಹೋದ್ರೆ ನಮ್ಮ ಮಕ್ಕಳಿಗೆ ಲೆಕ್ಕ ಯಾರು ಹೇಳ್ತಾರೆ, ಆ ಒಂಬತ್ತು ಜನ ಬರ್ತಾರಾ?"

"ಇದು ನಿಮಗೂ ಪಾಪ ಅಂತಾರೆ."

"ಅನ್ನಲಿ. ಗಂಡಂದಿರ ಕಾಲು ನೆನೀಬಾರ್ದು ಅಂತ ಬೆನ್ನ ಮೇಲೆ ಹೊತ್ಕೊಂಡು ಹೋಗಿ ದೋಣಿಗೆ ಹತ್ತಿಸೋರು ನಾವು. ಅವರು ವಾಪಸ್ ಬರೋ ನೀರು ಎಷ್ಟಿದೆ ಅಂತ ನೋಡೋದು ನಮ್ಮ ಕೆಲಸ ಅಲ್ದೆ ಇನ್ಯಾರ್ದು? ತಿರುಗಿ ಅಂದ್ನಲ್ಲ!"

ತಿರುಗಿದೆ. ಕೈ ಹಿಂದೆ ಕಟ್ಟಿ ಚರ್ಚಿನ ಗಂಟೆಗೋಪುರ ನೋಡುತ್ತ ನಿಂತೆ. ಪಾದ್ರಿ ಫರ್ಕ್ವರ್ ಆಗಲೇ ದಂಡೆಯ ದಾರಿಯಲ್ಲಿ ಬರುತ್ತಿದ್ದರು. ಅವರೂ ನಿಂತರು. ನನ್ನ ಬೆನ್ನ ಹಿಂದೆ ಬಾತಿಯಾ ಲಂಗ ಎತ್ತಿ ಕಟ್ಟಿ ನೀರಿಗಿಳಿದ ಸದ್ದಾಯಿತು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ನವೆಂಬರ್ ತಿಂಗಳ ನೀರು, ಒಬ್ಬಳೂ ಹಾ ಎನ್ನಲಿಲ್ಲ.

"ನಾಲ್ಕು ಅಡಿ ಎರಡು ಇಂಚು!" ಬಾತಿಯಾ ಕೂಗಿದಳು. ಪಾದ್ರಿಗೆ, ನನಗೆ, ಇಡೀ ಊರಿಗೆ ಕೇಳಿಸುವ ಹಾಗೆ. ಇನ್ನೊಬ್ಬಳು ತಾನೂ ನೋಡಿ ಅದೇ ಅಂಕಿ ಕೂಗಿದಳು. ಆಮೇಲೆ ಮೂರನೆಯವಳು. ಅವಳು ಮಾರ್ಚ್‌ನಲ್ಲಿ ಗಂಡನನ್ನು ಕಳೆದುಕೊಂಡವಳು, ಅವಳ ದನಿಯೇ ಎಲ್ಲರದಕ್ಕಿಂತ ಜೋರಾಗಿತ್ತು.

ಪಾದ್ರಿಯವರು ನನ್ನನ್ನು ನೋಡಿದರು. ನಾನು ಕಂಬಕ್ಕೆ ಬೆನ್ನು ಹಾಕಿ ನಿಂತಿದ್ದೆ. ಅವರು ಟೋಪಿ ಸರಿಮಾಡಿಕೊಂಡು ಚರ್ಚಿನ ಕಡೆಗೆ ನಡೆದರು.

ಇವತ್ತು ಬೆಳಿಗ್ಗೆ ಶಾಲೆಯ ಬಾಗಿಲು ತೆರೆದೆ. ನಿನ್ನೆಯ ಅಂಕಿಯನ್ನು ಇವತ್ತು, ಸಬ್ಬತ್ತು ಕಳೆದ ಮೇಲೆ, ಬರೆದುಕೊಂಡಿದ್ದೇನೆ. ಕೇಳಬಾರದು ಎಂದು ನನಗೆ ಯಾರೂ ಹೇಳಿಲ್ಲ. ಮುಂದಿನ ಭಾನುವಾರದ ಸರದಿ ಯಾರದೆಂದು ಹೆಂಗಸರು ತಮ್ಮಲ್ಲೇ ಜಗಳವಾಡುತ್ತಿದ್ದಾರೆ.

ಲೂಡೊ